ನಕ್ಷೆಯ ಹಿಂಬದಿಯಲ್ಲಿ ಅತ್ತೆ

ನಮ್ಮ ಮಗಳ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಜಾರ್ಜಿಯಾ ದೇಶಕ್ಕೆ ಹೋಗಿ ಕಾಲಿಗೆ ಸ್ಕೀ ಪಟ್ಟಿ ಕಟ್ಟಿ ಹಿಮದಲ್ಲಿ ಜಾರಿ ಬಂದಿದ್ದರು. ಉಳಿದರ್ಧ ಹೋಗುವವರಿದ್ದರು. ಹೋಗುವ ಮಾತೇ ಇಲ್ಲದವಳು ತಾನೊಬ್ಬಳೇ ಎಂದು ಅವಳು ಒಂದಿಡೀ ಚಳಿಗಾಲ ನಮಗೆ ಕೇಳಿಸುವ ಹಾಗೆ ನಿಟ್ಟುಸಿರು ಬಿಟ್ಟಳು. ಕೊನೆಗೆ ಫೆಬ್ರವರಿಯ ಕ್ರೀಡಾ ದಿನದ ರಜೆಗೆ ಹಿಂದೆ ಮುಂದೆ ಒಂದಿಷ್ಟು ದಿನ ಸೇರಿಸಿ ಹೋಗಿಬರುವುದೆಂದು ಠರಾವಾಯಿತು. ಇಡೀ ಕತಾರು ವ್ಯಾಯಾಮ ಮಾಡಲೆಂದು ಸರ್ಕಾರ ಕೊಡುವ ರಜೆಯಲ್ಲಿ ನಾವು ನಿಜವಾಗಿ ವ್ಯಾಯಾಮ ಮಾಡಲು ಹೊರಟದ್ದು ಅದೇ ಮೊದಲು.

ಆ ವರ್ಷ ನಮ್ಮ ಅತ್ತೆ ಮೈಸೂರಿನ ಚಳಿ ತಡೆಯುವುದಿಲ್ಲವೆಂದು ದೋಹಾಕ್ಕೆ ಬಂದಿದ್ದರು. ಅವರನ್ನು ಅಲ್ ವಕ್ರಾದ ನಮ್ಮ ಫ್ಲ್ಯಾಟಿನಲ್ಲಿ ಬಿಟ್ಟು, ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ ಹೋಗುವ ಯೋಚನೆ ನನ್ನ ಗಂಡನದು.

"ಚಳಿ ಅಂತ ಇಲ್ಲಿಗೆ ಬಂದಿದ್ದೀಯ, ಹಿಮಕ್ಕೆ ಬಂದು ಏನು ಮಾಡ್ತೀಯಮ್ಮಾ?" ಎಂದರು.

"ಮೈಸೂರಿನ ಚಳೀಲಿ ನೋಡೋಕೆ ಏನೂ ಇಲ್ಲ ಕಣೋ. ಅಲ್ಲಾದ್ರೆ ಬೆಟ್ಟ ಇರುತ್ತೆ. ನಾನೂ ಬರ್ತೀನಿ," ಎಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಎಪ್ಪತ್ತಾದರೂ ಅತ್ತೆ ಮನೆಯಲ್ಲಿ ಕೂತವರಲ್ಲ. ಬಂದ ವಾರದಲ್ಲೇ ಮೆಟ್ರೋ ಕಲಿತಿದ್ದರು. ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ಅಲ್ ವಕ್ರಾದಲ್ಲಿ ರೆಡ್ ಲೈನ್ ಹತ್ತಿ, ಆ ತುದಿಯವರೆಗೆ ಹೋಗಿ, ಇಳಿದು, ಎದುರಿನ ಗಾಡಿಯಲ್ಲಿ ವಾಪಸ್ಸು ಬರುತ್ತಿದ್ದರು. ಕೆಲಸವೇನೂ ಇರಲಿಲ್ಲ, ಎ.ಸಿ. ಇತ್ತು, ಕಿಟಕಿ ಇತ್ತು, ಫ್ಯಾಮಿಲಿ ಬೋಗಿಯಲ್ಲಿ ಫಿಲಿಪೈನ್ಸ್‌ನ ಹೆಂಗಸರು ಅವರ ಸೀರೆಯ ಜರಿ ಮುಟ್ಟಿ ನೋಡುತ್ತಿದ್ದರು. "ದಾರಿ ತಪ್ಪೋದು ಅನ್ನೋದೇ ಇಲ್ಲ ಕಣೇ. ತಪ್ಪಿದ್ರೆ ಎದುರುಗಡೆಯದು ಹತ್ತಿದ್ರಾಯ್ತು," ಎಂದು ನನಗೇ ಪಾಠ ಹೇಳುತ್ತಿದ್ದರು.

ಹೊರಡುವ ಮುಂಚೆ ನಮಗೆ ಸ್ಕೀ ನಕ್ಷೆಯ ಪಾಠ ಮಾಡಲು ಬಂದವರು ಗಂಡನ ಆಫೀಸಿನ ಉಡುಪಿ ಕಡೆಯವರೊಬ್ಬರು. ಅದೇ ಜಾಗಕ್ಕೆ ಎರಡು ಸಲ ಹೋಗಿ, ಒಂದು ಸಲ ಕೈ ಮುರಿದುಕೊಂಡು ಬಂದಿದ್ದರಿಂದ ಅವರ ಮಾತಿಗೆ ತೂಕವಿತ್ತು. ಒಂದು ಶುಕ್ರವಾರ ನಮ್ಮ ಊಟದ ಮೇಜಿನ ಮೇಲೆ ನಕ್ಷೆ ಹರಡಿದರು. ನೀಲಿ ಆಕಾಶ, ಸಾಲು ಶಿಖರ, ಅವುಗಳಿಂದ ಕೆಳಗಿನ ಹಳ್ಳಿಯ ತನಕ ಬಣ್ಣಬಣ್ಣದ ಗೆರೆಗಳು. ಸ್ವೆಟರಿನ ನೂಲು ಬಿಚ್ಚಿ ಎಸೆದ ಹಾಗಿತ್ತು.

ನನ್ನ ಗಂಡ ಚರಂಡಿಯ ಇಂಜಿನಿಯರು. ಇಡೀ ದಿನ ಒಳಚರಂಡಿಯ ಡ್ರಾಯಿಂಗ್ ನೋಡುವುದೇ ಕೆಲಸ. ಕನ್ನಡಕ ಸರಿಮಾಡಿಕೊಂಡು ನಕ್ಷೆಯ ನಾಲ್ಕೂ ಮೂಲೆ ಹುಡುಕಿದರು.

"ಇದರಲ್ಲಿ ಉತ್ತರದ ಬಾಣ ಎಲ್ಲಿ?"

"ಉತ್ತರ ಎಂತಕ್ಕೆ ಮಾರಾಯ್ರೆ? ಮೇಲೆ, ಕೆಳಗೆ, ಎರಡೇ ದಿಕ್ಕು ಉಂಟು ಇದ್ರಲ್ಲಿ."

"ಸ್ಕೇಲ್?"

"ಅದೂ ಇಲ್ಲ. ಇದು ಡ್ರಾಯಿಂಗ್ ಅಲ್ಲ, ಪೇಂಟರ್ ಮಾಡಿದ ಚಿತ್ರ. ಗುಡ್ಡವನ್ನು ಅವನಿಗೆ ಬೇಕಾದ ಹಾಗೆ ತಿರುಗಿಸಿ, ಎಳೆದು, ಎಲ್ಲ ಒಟ್ಟಿಗೆ ಕಾಣುವ ಹಾಗೆ ಮಾಡಿದ್ದಾನೆ. ಇಲ್ಲಿ ಬೆರಳಷ್ಟು ಇರುವುದು ಅಲ್ಲಿ ಹೋದ್ರೆ ಮುಗಿಯುವುದೇ ಇಲ್ಲ."

"ಸ್ಕೇಲ್ ಇಲ್ಲದ ಡ್ರಾಯಿಂಗಿಗೆ ನಾನು ಸೈನ್ ಮಾಡಲ್ಲ," ಎಂದು ನನ್ನ ಗಂಡ ಕೈಕಟ್ಟಿ ಕೂತರು.

ಸೈನ್ ಮಾಡಲು ಅವರನ್ನು ಯಾರೂ ಕೇಳಿರಲಿಲ್ಲ. ಉಡುಪಿಯವರು ತಾಳ್ಮೆಯಿಂದ ಮುಂದುವರಿಸಿದರು. ಹಸಿರು ಗೆರೆ ಕಲಿಯುವವರಿಗೆ, ನೀಲಿ ಸ್ವಲ್ಪ ಕಲಿತವರಿಗೆ, ಕೆಂಪು ಚೆನ್ನಾಗಿ ಬರುವವರಿಗೆ. ಕಪ್ಪಿನ ಬಗ್ಗೆ ಏನೂ ಹೇಳದೆ ತಮ್ಮ ಎಡ ಮೊಣಕೈ ಮುಟ್ಟಿಕೊಂಡರು. ಡಬ್ಬಿಯ ಚಿತ್ರ, ಕುರ್ಚಿಯ ಚಿತ್ರ ಇರುವ ನೇರ ಗೆರೆಗಳು ಕೇಬಲ್ ಕಾರುಗಳು. ಅವು ಮೇಲಕ್ಕೆ ಒಯ್ಯುತ್ತವೆ. ಬಣ್ಣದ ಡೊಂಕು ಗೆರೆಗಳಲ್ಲಿ ನಾವು ಕೆಳಕ್ಕೆ ಜಾರಬೇಕು. ಜಾರಿದ ಮೇಲೆ ಅದೇ ದಾರಿಯಲ್ಲಿ ವಾಪಸ್ಸು ಬರುವ ಹಾಗಿಲ್ಲ.

"ನಮ್ಮ ಮೆಟ್ರೋ ಥರಾನೇ ಅನ್ನಿ," ಎಂದರು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು. "ಬಣ್ಣ ನೋಡ್ಕೊಂಡು ಹೋಗೋದು. ನಮ್ದು ಕೆಂಪು."

ಎಲ್ಲರೂ ನಕ್ಕೆವು. "ಹಾಗೇ ಅಂತ ಇಟ್ಕೊಳ್ಳಿ ಅಮ್ಮ," ಎಂದುಬಿಟ್ಟರು ಉಡುಪಿಯವರು, ಕಾಫಿ ಕುಡಿಯುತ್ತಾ. ಅಂದು ಅವರು ಹಾಗೆ ಅನ್ನಬಾರದಿತ್ತು.

ನನ್ನ ಗಂಡ ಸುಮ್ಮನಿರಲಿಲ್ಲ. ನಕ್ಷೆಯನ್ನು ಆಫೀಸಿಗೆ ಒಯ್ದು, ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಪ್ರಿಂಟು ಹಾಕಿಸಿ ತಂದು ಫ್ರಿಜ್ಜಿನ ಪಕ್ಕದ ಗೋಡೆಗೆ ಅಂಟಿಸಿದರು. ದಿನಾ ಸಂಜೆ ಹೈಲೈಟರ್ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದರು. ದಾರಿಗಳು ಕೂಡುವ ಕಡೆಯಲ್ಲೆಲ್ಲ ಮ್ಯಾನ್‌ಹೋಲುಗಳಿಗೆ ಕೊಡುವ ಹಾಗೆ ಒಂದೊಂದು ನಂಬರು ಕೊಟ್ಟರು. "ನೀರು ಹೇಗೆ ಇಳಿಯುತ್ತೋ ನಾವೂ ಹಾಗೇ ಇಳಿಯೋದು. ನೀರು ಯಾವತ್ತಾದ್ರೂ ದಾರಿ ತಪ್ಪುತ್ತಾ?" ಎನ್ನುತ್ತಿದ್ದರು. ನಮ್ಮ ಅಡುಗೆಮನೆಯ ಸಿಂಕು ಆ ವಾರವೇ ಎರಡು ಸಲ ಕಟ್ಟಿಕೊಂಡಿತ್ತು.

ನಕ್ಷೆ ಓದಿದರೆ ಸಾಲದು, ಕಾಲಿಗೂ ಅಭ್ಯಾಸ ಬೇಕೆಂದು ಅವರಿಗೆ ಅನ್ನಿಸಿತು. ಕತಾರಿನಲ್ಲಿ ಇಳಿಜಾರು ಎಂದರೆ ಒಂದೋ ಫ್ಲೈಓವರ್, ಇಲ್ಲವೇ ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿಯುವ ದಾರಿ. ಒಂದು ಬೆಳಿಗ್ಗೆ ಅವರು ನಮ್ಮ ಕಟ್ಟಡದ ಪಾರ್ಕಿಂಗಿನ ಇಳಿಜಾರಿನಲ್ಲಿ ಮೊಣಕಾಲು ಬಗ್ಗಿಸಿ, ಎರಡೂ ಪಾದದ ತುದಿ ಒಳಕ್ಕೆ ಕೂಡಿಸಿ, ಕೈಯಲ್ಲಿ ಪೊರಕೆಯ ಎರಡು ಉದ್ದ ಕೋಲು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಇಳಿಯುತ್ತಿದ್ದಾಗ ಮೂರನೇ ಮಹಡಿಯ ಈಜಿಪ್ಟಿನವರ ಕಾರು ಎದುರಾಯಿತು. ಅವರು ಗಾಜು ಇಳಿಸಿ, ತುಂಬ ಮರುಕದಿಂದ, ಆಸ್ಪತ್ರೆಗೆ ಬಿಡಲೇ ಎಂದು ಕೇಳಿದರಂತೆ.

ಅತ್ತೆಯ ಉಡುಪು ಇನ್ನೊಂದು ಕಥೆ. ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಹಿಮದ ಪ್ಯಾಂಟು ತಂದುಕೊಟ್ಟರೆ ಅದು ಅವರ ಎತ್ತರಕ್ಕೆ ಎದೆಯ ತನಕ ಬಂತು. ದೋಹಾದ ನಜ್ಮಾ ಬಡಾವಣೆಯ ಗಲ್ಲಿಯಲ್ಲಿ ನನ್ನ ರವಿಕೆ ಹೊಲಿಯುವ ದರ್ಜಿಯ ಬಳಿಗೆ ಒಯ್ದೆ. ಆತ ಪ್ಯಾಂಟನ್ನು ಎತ್ತಿ ಹಿಡಿದು, ಒಳಗಿನ ಹತ್ತಿ ಒತ್ತಿ ನೋಡಿ, ಇದು ಹಾಸಿಗೆಯೋ ಬಟ್ಟೆಯೋ ಎಂದು ಹಿಂದಿಯಲ್ಲಿ ಕೇಳಿದ. ಕೊನೆಗೆ ಚೆನ್ನಾಗಿಯೇ ಗಿಡ್ಡ ಮಾಡಿಕೊಟ್ಟ. ಅತ್ತೆ ಅದರ ಮೇಲೆಯೇ ಸೀರೆ ಉಟ್ಟು, ಸೀರೆಯ ಮೇಲೆ ಜಾಕೆಟ್ಟು ತೊಟ್ಟು, ತಲೆಗೆ ಮಂಕಿ ಕ್ಯಾಪು ಹಾಕಿ ಕನ್ನಡಿಯ ಮುಂದೆ ನಿಂತರು. "ಅಜ್ಜಿ, ತುಂಬಾ ರೌಂಡ್ ಇದ್ದೀಯ," ಎಂದಳು ಮಗಳು, ಅವಳಿಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ. "ಬಿದ್ರೆ ಉರುಳ್ತೀನಿ, ಮುರಿಯಲ್ಲ," ಎಂದರು ಅತ್ತೆ.

ಹಿಮದ ಊರಿಗೆ ಹೋದ ಮೊದಲ ಎರಡು ದಿನ ನಾವು ಮೂವರೂ ತರಬೇತಿಯಲ್ಲಿ ಕಳೆದೆವು. ಮಗಳು ಮಧ್ಯಾಹ್ನದೊಳಗೆ ಮೀನಿನ ಹಾಗೆ ಓಡಾಡತೊಡಗಿದಳು. ನಾನು ನಿಲ್ಲಬೇಕೆಂದಾಗ ಬಿದ್ದು, ಹೇಗೋ ನಿಲ್ಲುತ್ತಿದ್ದೆ. ನನ್ನ ಗಂಡ ನಿಧಾನವಾಗಿ, ಸರಿಯಾಗಿ, ಯಾರದೋ ಅನುಮತಿಗೆ ಕಾಯುತ್ತಿರುವವರಂತೆ ಇಳಿಯುತ್ತಿದ್ದರು. ಅತ್ತೆ ಹೋಟೆಲಿನ ಕಿಟಕಿಯ ಬಳಿ ಕೂತು ನಾವು ಬೀಳುವುದನ್ನು ನೋಡಿ ಸಂಜೆ ವರದಿ ಕೊಡುತ್ತಿದ್ದರು.

ಮೂರನೆಯ ದಿನ ಅವರಿಗೆ ಬೇಸರ ಬಂತು. ಕೇಬಲ್ ಕಾರಿನ ಡಬ್ಬಿಯಲ್ಲಿ ಸ್ಕೀ ಇಲ್ಲದವರೂ ಹೋಗಬಹುದಿತ್ತು. ಗಂಡ ಗೋಡೆಯಿಂದ ಕಿತ್ತು ತಂದಿದ್ದ ದೊಡ್ಡ ನಕ್ಷೆಯನ್ನು ಹಾಸಿಗೆಯ ಮೇಲೆ ಹರಡಿ ಬೆರಳಿಟ್ಟು ತೋರಿಸಿದರು. "ಅಮ್ಮಾ, ಈ ಡಬ್ಬಿ ಹತ್ತು. ಮೊದಲನೇ ಸ್ಟೇಷನ್‌ನಲ್ಲಿ ಇಳಿ. ಅಲ್ಲಿ ಕಾಫಿ ಅಂಗಡಿ ಇದೆ, ಕೂತಿರು. ನಾವು ಒಂದು ಸುತ್ತು ಜಾರಿ ಅಲ್ಲಿಗೇ ಬರ್ತೀವಿ."

"ಒಂದನೇ ಸ್ಟೇಷನ್. ತಿಳೀತು," ಎಂದರು ಅತ್ತೆ. ಚೀಲದಲ್ಲಿ ಚಕ್ಕುಲಿಯ ಡಬ್ಬ ಇಟ್ಟುಕೊಂಡು ಹೊರಟರು.

ನಾವು ಆ ಕಾಫಿ ಅಂಗಡಿಗೆ ಬಂದಾಗ ಅತ್ತೆ ಅಲ್ಲಿರಲಿಲ್ಲ. ಒಳಗೆ ನೋಡಿದೆವು, ಹೊರಗೆ ನೋಡಿದೆವು, ಶೌಚಾಲಯದ ಬಾಗಿಲು ತಟ್ಟಿ ಕನ್ನಡದಲ್ಲಿ ಕೂಗಿದೆ. ಯಾರೋ ರಷ್ಯನ್ನಿನಲ್ಲಿ ಬೈದರು. ಅಷ್ಟರಲ್ಲಿ ಗಂಡನ ಫೋನು ಹೊಡೆದುಕೊಂಡಿತು.

"ಅಮ್ಮಾ! ಎಲ್ಲಿದ್ದೀಯ?"

"ಇಲ್ಲೇ ಇದ್ದೀನಿ ಕಣೋ. ನೀವೆಲ್ಲಿ?"

"ಇಲ್ಲೇ ಅಂದ್ರೆ ಎಲ್ಲಿ? ಸುತ್ತ ಏನು ಕಾಣ್ತಿದೆ?"

"ಬೆಟ್ಟ."

"ಎಂಥ ಬೆಟ್ಟ?"

"ಬಿಳೀ ಬೆಟ್ಟ."

ಗಂಡ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. "ಸರಿ, ಮೇಲಿದ್ದೀಯೋ ಕೆಳಗಿದ್ದೀಯೋ?"

"ಮೊದಲು ಮೇಲಿದ್ದೆ. ಈಗ ಕೆಳಗಿದ್ದೀನಿ."

"ಕೆಳಗೆ ಅಂದ್ರೆ ನಮ್ಮ ಹೋಟೆಲ್ ಹತ್ರ?"

"ಹೋಟೆಲ್ ಗೀಟೆಲ್ ಏನಿಲ್ಲ. ಒಂದು ಕೊಟ್ಟಿಗೆ ಇದೆ, ಹಸು ಇದೆ."

ವಿಷಯ ಬಿಡಿಸಿ ಕೇಳಿದಾಗ ಗೊತ್ತಾದದ್ದು ಇಷ್ಟು. ಮೊದಲನೇ ಸ್ಟೇಷನ್ನಿನಲ್ಲಿ ಸ್ಕೀ ಹಿಡಿದ ಇಬ್ಬರು ದಾಂಡಿಗರು ಬಾಗಿಲಿಗೆ ಅಡ್ಡವಾಗಿ ಕೂತಿದ್ದರಿಂದ ಅತ್ತೆಗೆ ಇಳಿಯಲು ಆಗಲಿಲ್ಲ. ಡಬ್ಬಿ ತುದಿಯವರೆಗೆ ಹೋಯಿತು. ಅವರೇನೂ ಗಾಬರಿಯಾಗಲಿಲ್ಲ. ಇಳಿದು, ಎದುರುಗಡೆ ಇನ್ನೊಂದು ಸಾಲು ಡಬ್ಬಿಗಳು ಕೆಳಕ್ಕೆ ಹೋಗುತ್ತಿರುವುದನ್ನು ನೋಡಿ, ವಾಪಸ್ಸು ಹೋಗುವ ಗಾಡಿ ಇದೇ ಎಂದು ಹತ್ತಿ ಕೂತರು. ಅದು ಕೆಳಕ್ಕೇನೋ ಹೋಯಿತು, ಆದರೆ ಬೆಟ್ಟದ ಆ ಬದಿಗೆ.

"ಅಮ್ಮಾ, ಅಲ್ಲೇ ಇರು, ಕದಲಬೇಡ—" ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ಚಾಫ್.

ಗಂಡ ಜಾಕೆಟ್ಟಿನೊಳಗಿಂದ ದೊಡ್ಡ ನಕ್ಷೆ ತೆಗೆದು ಕಾಫಿ ಅಂಗಡಿಯ ಮೇಜಿನ ಮೇಲೆ ಹಾಸಿದರು. ತುದಿಯ ಸ್ಟೇಷನ್ನಿನ ಆಚೆ ಬರೀ ಆಕಾಶವಿತ್ತು. "ಆ ಕಡೆ ಏನೂ ಇಲ್ಲವಲ್ಲೇ," ಎಂದರು. ಇಷ್ಟು ದಿನ ಕಲಿತ ಆ ಚಿತ್ರದಲ್ಲಿ ಅತ್ತೆ ಇರುವ ಜಾಗವೇ ಇರಲಿಲ್ಲ.

ಮಗಳು ಟಿಕೆಟ್ ಕೌಂಟರಿನಲ್ಲಿ ಪುಕ್ಕಟೆ ಕೊಟ್ಟಿದ್ದ ಮಡಚುವ ನಕ್ಷೆಯನ್ನು ಜೇಬಿನಿಂದ ತೆಗೆದಳು. "ಅಪ್ಪಾ, ಇದಕ್ಕೆ ಬ್ಯಾಕ್ ಸೈಡ್ ಇದೆ," ಎಂದು ತಿರುವಿ ಇಟ್ಟಳು.

ಹಿಂಬದಿಯಲ್ಲಿ ಇನ್ನೊಂದು ಕಣಿವೆಯಿತ್ತು. ಒಂದೇ ಒಂದು ಕೇಬಲ್ ಕಾರು, ನಾಲ್ಕು ಮನೆಯ ಚಿತ್ರ, ಪಕ್ಕದಲ್ಲಿ ಒಂದು ಕಾಫಿ ಕಪ್ಪು. ಚರಂಡಿ ಇಂಜಿನಿಯರು ಮುಂದಿನ ಬದಿಯನ್ನು ಮಾತ್ರ ಪ್ರಿಂಟು ಹಾಕಿಸಿದ್ದರು.

ಮೇಲಕ್ಕೆ ಹೋಗಿ ಆ ಬದಿಗೆ ಇಳಿಯೋಣವೆಂದು ಡಬ್ಬಿಯ ಬಳಿಗೆ ಓಡಿದೆವು. ಸ್ಕೀ ಬೂಟು ಹಾಕಿಕೊಂಡು ಓಡುವುದನ್ನು ಓಡುವುದು ಎನ್ನಬಹುದಾದರೆ. ಗಾಳಿ ಎದ್ದಿತ್ತು. ಬಾಗಿಲಲ್ಲಿ ನಿಂತಿದ್ದವನು ಎರಡೂ ಕೈ ಅಡ್ಡ ಮಾಡಿ ತೋರಿಸಿದ. ನನಗೆ ಆ ಗಾಬರಿಯಲ್ಲಿ ಇಂಗ್ಲಿಷ್ ಹೊಳೆಯದೆ ದೋಹಾದ ಅರಬ್ಬಿ ಬಾಯಿಗೆ ಬಂತು.

"ಖಲಾಸ್?" ಎಂದೆ.

"ಖಲಾಸ್," ಎಂದ ಅವನೂ, ಗಲ್ಫಿನವರನ್ನು ಸಾಕಷ್ಟು ಕಂಡಿದ್ದವನಂತೆ. ಆಮೇಲೆ ಕೈಯನ್ನು ಸ್ಟಿಯರಿಂಗಿನ ಹಾಗೆ ತಿರುಗಿಸಿ, ಬೆಟ್ಟದ ಸುತ್ತ ರಸ್ತೆಯಿದೆ ಎಂದು ಸನ್ನೆ ಮಾಡಿದ. ಆ ರಸ್ತೆ ಹಿಡಿಯಬೇಕಾದರೆ ಮೊದಲು ನಮ್ಮ ಹಳ್ಳಿಗೆ ಇಳಿಯಬೇಕು. ಕೆಳಗಿನ ಡಬ್ಬಿಗಳೂ ನಿಂತಿದ್ದವು. ಅಂದರೆ ಜಾರಿಯೇ ಇಳಿಯಬೇಕು.

"ಹಸಿರು ದಾರಿ ಹಿಡಿಯೋಣ," ಎಂದರು ಗಂಡ. "ಸುತ್ತಾಗುತ್ತೆ, ಆದರೆ ಸೇಫು. ಬಹುಪಾಲು ಸಪಾಟು."

ಕತಾರಿನಿಂದ ಬಂದವರಿಗೆ ಸಪಾಟು ನೆಲದ ಮೇಲೆ ಬಹಳ ನಂಬಿಕೆ. ಆದರೆ ಸ್ಕೀ ಕಟ್ಟಿಕೊಂಡವರಿಗೆ ಸಪಾಟಿಗಿಂತ ದೊಡ್ಡ ಶತ್ರುವಿಲ್ಲ ಎಂದು ಅವತ್ತು ತಿಳಿಯಿತು. ಜಾರುವುದೇ ಇಲ್ಲ. ಎರಡು ಕೋಲು ಊರಿ, ಹರಿಗೋಲಿಗೆ ಹುಟ್ಟು ಹಾಕಿದ ಹಾಗೆ ನಮ್ಮನ್ನು ನಾವೇ ನೂಕಿಕೊಳ್ಳಬೇಕು. ನಕ್ಷೆಯಲ್ಲಿ ಹೆಬ್ಬೆರಳಷ್ಟಿದ್ದ ಹಸಿರು ಗೆರೆ ಮುಗಿಯುವ ಲಕ್ಷಣವೇ ಇರಲಿಲ್ಲ. ಮಗಳು ಮುಂದೆ ಹೋಗಿ, ಕಾದು, ಮತ್ತೆ ಮುಂದೆ ಹೋಗುತ್ತಿದ್ದಳು.

ಒಂದು ಕವಲಿನಲ್ಲಿ ಗಂಡ ನಿಂತು, ಇದು ತಮ್ಮ ಎಷ್ಟನೆಯ ಮ್ಯಾನ್‌ಹೋಲು ಎಂದು ನೋಡಲು ನಕ್ಷೆ ಬಿಚ್ಚಿದರು. ಬಿಚ್ಚಿದ್ದೇ ತಡ, ಗಾಳಿ ಅದನ್ನು ಹಾಯಿಯಂತೆ ಉಬ್ಬಿಸಿ ಕಿತ್ತುಕೊಂಡಿತು. ಹೈಲೈಟರಿನ ಹಳದಿ ಗೆರೆಗಳೆಲ್ಲ ಪಟಪಟ ಬಡಿದುಕೊಳ್ಳುತ್ತಾ ಕಣಿವೆಯ ಕಡೆ ಹಾರಿಹೋದವು.

"ಈಗ ಎತ್ತಲಾಗೆ ರೀ?"

"ಇರು, ಯೋಚನೆ ಮಾಡ್ತಿದ್ದೀನಿ."

"ಯೋಚನೆ ಮಾಡ್ತಾ ಕೂತ್ರೆ ಅಲ್ಲಿ ಅವರೊಬ್ರೇ—"

"ನನಗೆ ಗೊತ್ತಿಲ್ವಾ? ನನ್ನ ಅಮ್ಮ ಕಣೇ ಅದು!"

ಜಗಳ ಅಲ್ಲಿಗೇ ನಿಂತಿತು, ಯಾಕೆಂದರೆ ನಾನು ಚಲಿಸತೊಡಗಿದ್ದೆ. ಕವಲಿನಲ್ಲಿ ಒಂದು ಕಡೆ ಹಸಿರು ಕಂಬ, ಇನ್ನೊಂದು ಕಡೆ ಕೆಂಪು ಕಂಬ ಇತ್ತು. ವರ್ಷಗಟ್ಟಲೆ ಆಫೀಸು ಮುಗಿಸಿ ಮುಶೈರಿಬ್ ಮೆಟ್ರೋ ಸ್ಟೇಷನ್ನಿನಲ್ಲಿ ಗಾಡಿ ಬದಲಾಯಿಸುವಾಗ ಕೆಂಪು ಬಣ್ಣ ಕಂಡ ಕಡೆಗೆ ನಡೆದು ಅಭ್ಯಾಸವಾದ ಕಾಲುಗಳು ನನ್ನವು. ಮನಸ್ಸು ಜಗಳದಲ್ಲಿದ್ದಾಗ ಕಾಲು ತನ್ನ ಪಾಡಿಗೆ ಕೆಂಪಿನ ಕಡೆ ತಿರುಗಿತ್ತು. ತಿಳಿಯುವಷ್ಟರಲ್ಲಿ ನೆಲ ಕಾಲಡಿಯಿಂದ ಜಾರಿಹೋಯಿತು. "ಅಮ್ಮಾ, ನೋ! ಅದು ರೆಡ್!" ಎಂದು ಮಗಳು ಕಿರುಚಿದ್ದು ಮಾತ್ರ ಕೇಳಿಸಿತು.

ಕೆಂಪು ದಾರಿಯ ಮೊದಲ ಭಾಗವನ್ನು ನಾನು ನಿಂತು ಇಳಿದೆ. ಉಳಿದದ್ದನ್ನು ಕೂತು ಇಳಿದೆ. ಒಂದು ಸ್ಕೀ ಎಲ್ಲೋ ಕಳಚಿತು, ಮಗಳು ಅದನ್ನು ಎತ್ತಿಕೊಂಡು ಹಿಂದೆಯೇ ಬಂದಳು. ಬೆನ್ನೊಳಗೆ, ಕಿವಿಯೊಳಗೆ, ಹಲ್ಲಿನ ಸಂದಿಯಲ್ಲಿ ಹಿಮ. ಪಕ್ಕದಲ್ಲಿ ಸರಿಯಾಗಿ ಜಾರುತ್ತಿದ್ದ ಜನ ದಾರಿ ಬಿಟ್ಟು ನಿಂತು ನೋಡಿದರು. ಕೊನೆಗೆ ನಮ್ಮ ಹೋಟೆಲಿನ ಹಿಂದಿನ ಬೇಲಿಗೆ ಒರಗಿ ನಿಂತಾಗ, ಒಂದೂ ಎಲುಬು ಮುರಿಯದೆ ನಾನೇ ಮೊದಲು ಬಂದಿದ್ದೆ. ಹಸಿರು ದಾರಿಯಲ್ಲಿ ಹುಟ್ಟು ಹಾಕುತ್ತಾ ಗಂಡ ಬರುವಷ್ಟರಲ್ಲಿ ನಾನು ಬೂಟು ಬಿಚ್ಚಿ, ಟ್ಯಾಕ್ಸಿಯವನನ್ನು ಒಪ್ಪಿಸಿ ಕೂತಿದ್ದೆ.

ಬೆಟ್ಟದ ರಸ್ತೆಯ ಎರಡೂ ಬದಿ ಲಾರಿಯ ಎತ್ತರಕ್ಕೆ ಹಿಮದ ಗೋಡೆ. ಚಾಲಕ ಪ್ರತಿ ತಿರುವಿನಲ್ಲೂ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ, ಅದಕ್ಕಾಗಿ ಸ್ಟಿಯರಿಂಗಿನಿಂದ ಕೈ ತೆಗೆಯುತ್ತಿದ್ದ. ಅತ್ತೆ ಬೆಳಗಿನ ಬಿ.ಪಿ. ಮಾತ್ರೆ ತೆಗೆದುಕೊಂಡರೋ ಇಲ್ಲವೋ ಎಂದು ನಾನು ನೆನಪು ಮಾಡಿಕೊಳ್ಳುತ್ತಿದ್ದೆ. ಭಾಷೆ ಬಾರದ ಊರು, ಸತ್ತ ಫೋನು, ಈ ಗಾಳಿ. ಗಂಡ ಮಗಳ ಕೈ ಹಿಡಿದುಕೊಂಡಿದ್ದರು. ಮಗಳು, ದೊಡ್ಡವಳಾದ ಮೇಲೆ ನಮ್ಮ ಕೈಗೆ ಸಿಗದವಳು, ಬಿಡಿಸಿಕೊಳ್ಳಲಿಲ್ಲ.

ಆ ಹಳ್ಳಿಯಲ್ಲಿ ಹುಡುಕುವ ಕೆಲಸವೇ ಇರಲಿಲ್ಲ. ಒಂದು ಕೊಟ್ಟಿಗೆ, ಅದರ ಪಕ್ಕ ಹೊಗೆಯಾಡುವ ಒಂದು ತಗ್ಗು ಮಾಡಿನ ಅಂಗಡಿ. ಬಾಗಿಲು ನೂಕಿದರೆ ಬಿಸಿ ಗಾಳಿ, ಬೆಣ್ಣೆಯ ವಾಸನೆ. ಒಲೆಯ ಪಕ್ಕದಲ್ಲಿ ಮಂಕಿ ಕ್ಯಾಪು ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ತುಂಬ ಹಿಟ್ಟು ಮೆತ್ತಿಕೊಂಡು ನಮ್ಮ ಅತ್ತೆ ನಿಂತಿದ್ದರು. ಎದುರಿಗೆ ಕಪ್ಪು ಬಟ್ಟೆಯ, ತಲೆಗೆ ಸ್ಕಾರ್ಫು ಕಟ್ಟಿದ, ಅವರದೇ ವಯಸ್ಸಿನ ಅಂಗಡಿಯಾಕೆ. ಅಲ್ಲಿಯ ರೊಟ್ಟಿಯೊಳಗೆ ಚೀಸು ತುಂಬುತ್ತಾರೆ. ಅತ್ತೆಗೆ ಆಕೆ ಕಣಕ ಮಡಿಸುವ ರೀತಿ ಸರಿಬರಲಿಲ್ಲವಂತೆ, ಹೋಳಿಗೆಗೆ ಹೂರಣ ತುಂಬುವ ಹಾಗೆ ತುಂಬಿ ತೋರಿಸುತ್ತಿದ್ದರು. "ಹೀಗೆ ಬಾಯಿ ಮುಚ್ಚಬೇಕು, ಇಲ್ದಿದ್ರೆ ಒಡೆಯುತ್ತೆ," ಎಂದು ಇವರು ಕನ್ನಡದಲ್ಲಿ. ಆಕೆಯದು ತನ್ನ ಭಾಷೆಯಲ್ಲಿ ಏನೋ ವಾದ. ಇಬ್ಬರೂ ಬಿಟ್ಟುಕೊಡುತ್ತಿರಲಿಲ್ಲ. ಮೇಜಿನ ಮೇಲೆ ಚಕ್ಕುಲಿಯ ಡಬ್ಬ ಖಾಲಿಯಾಗಿತ್ತು.

ಅತ್ತೆ ತಲೆಯೆತ್ತಿ ನೋಡಿದರು. "ಯಾಕ್ರೋ ಇಷ್ಟು ಹೊತ್ತು? ದಾರಿ ತಪ್ಪಿದ್ರಾ?"

ಗಂಡ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತುಬಿಟ್ಟರು. ಮೊದಲು ನಗುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋದಾಗ ನಗು ಮಾತ್ರವಲ್ಲ ಎಂದು ಗೊತ್ತಾಯಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಮಗನ ತಲೆ ಸವರಿ, "ಎದುರುಗಡೆಯದು ಹತ್ತಿದ್ದೆ ಕಣೋ, ಸರಿಯಾಗೇ ಹತ್ತಿದ್ದೆ. ನೀನು ಹೇಳಿದ ಹಾಗೆ ಇರಲಿಲ್ಲ ಈ ಬೆಟ್ಟ," ಎಂದರು. ಗಂಡನ ಕೂದಲೆಲ್ಲ ಹಿಟ್ಟಾಯಿತು. ಅಂಗಡಿಯಾಕೆ ಏನೂ ಕೇಳದೆ ಎಲ್ಲರ ಮುಂದೆ ಬಿಸಿ ರೊಟ್ಟಿ ತಂದಿಟ್ಟಳು. ಟ್ಯಾಕ್ಸಿಯವನೂ ಬಂದು ಕೂತ.

ಮಾರನೆಯ ದಿನ ನಮ್ಮ ಕೊನೆಯ ದಿನ. ಗಾಳಿ ನಿಂತಿತ್ತು. ಇವತ್ತು ಏನು ಮಾಡೋಣ ಎಂದು ಗಂಡ ತಿಂಡಿಯ ಹೊತ್ತಿಗೆ ಕೇಳಿದರು. ಅವರ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ.

"ನೀವೆಲ್ಲಿಗಾದ್ರೂ ಹೋಗಿ. ನನ್ನನ್ನ ಆಕೆ ಊಟಕ್ಕೆ ಕರೆದಿದ್ದಾಳೆ," ಎಂದರು ಅತ್ತೆ.

"ಕರೆದಳು ಅಂತ ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ಗೊತ್ತಾಗುತ್ತೆ ಕಣೇ."

ಎಲ್ಲರೂ ಹೋದೆವು. ಡಬ್ಬಿಯಲ್ಲಿ ತುದಿಯ ತನಕ ಹೋಗಿ ಇಳಿದಾಗ ನಾವು ಇಷ್ಟು ದಿನ ಬಣ್ಣದ ಗೆರೆಗಳಾಗಿ ನೋಡಿದ್ದ ಬೆಟ್ಟ ಸುತ್ತಲೂ ನಿಂತಿತ್ತು, ಒಂದು ಗೆರೆಯೂ ಇಲ್ಲದೆ. ಮಗಳು ಆ ಬದಿಯ ನೀಲಿ ದಾರಿಯಲ್ಲಿ ಜಾರಿ ಇಳಿದಳು. ನಾವು ಮೂವರು ಇನ್ನೊಂದು ಸಾಲಿನ ಡಬ್ಬಿ ಹತ್ತಿ ಆ ಕಣಿವೆಗೆ ಇಳಿದೆವು, ಅತ್ತೆ ಕಿಟಕಿಯ ಪಕ್ಕ.

ಅಂಗಡಿಯಾಕೆ ನಿಜಕ್ಕೂ ಕಾಯುತ್ತಿದ್ದಳು. ಒಲೆಯ ಹತ್ತಿರದ ಮೇಜಿನ ಮೇಲೆ ಐದು ತಟ್ಟೆ ಇಟ್ಟಿದ್ದಳು. ಊಟದ ನಡುವೆ ನನ್ನ ಕಡೆ ಕೈ ತೋರಿಸಿ, ತನ್ನ ಹೊಟ್ಟೆ ಮುಟ್ಟಿಕೊಂಡು ಅತ್ತೆಯನ್ನು ಏನೋ ಕೇಳಿದಳು. ನಿನ್ನ ಮಗಳಾ ಎಂದಿರಬೇಕು.

ಅತ್ತೆ ಅಲ್ಲವೆಂದು ತಲೆಯಾಡಿಸಿ, ಮಗನನ್ನು ತೋರಿಸಿ, ಆಮೇಲೆ ನನ್ನನ್ನು ತೋರಿಸಿ, "ಸೊಸೆ," ಎಂದರು ಬಿಡಿಸಿ ಬಿಡಿಸಿ. ಮತ್ತೆ ಕೈಯಿಂದ ಬೆಟ್ಟದ ಇಳಿಜಾರು ಬರೆದು, ಅದರ ಮೇಲೆ ಯಾರೋ ಉರುಳುರುಳಿ ಬರುವುದನ್ನು ಅಭಿನಯಿಸಿದರು. ಆಕೆ ಗಹಗಹಿಸಿ ನಕ್ಕು, ಮೇಜಿನಾಚೆಯಿಂದ ಕೈ ಚಾಚಿ ನನ್ನ ಕೆನ್ನೆ ಹಿಡಿದು, "ಸೋಸೇ," ಎಂದಳು.